ಅಪ್ಪನ ಪಾಲಿನ ಊಟ ನಾನು ಉಂಡದ್ದು

ನಮ್ಮ ಮನೆಯಲ್ಲಿ ತಲೆ ಇರುವುದು ನನಗೊಬ್ಬಳಿಗೇ. ಇದನ್ನು ಜಂಬದಿಂದ ಹೇಳುತ್ತಿಲ್ಲ, ಬೇಸರದಿಂದ ಹೇಳುತ್ತಿದ್ದೇನೆ. ತಲೆ ಇರುವವರಿಗೆ ಕೆಲಸ ಜಾಸ್ತಿ. ಕಲಬುರಗಿಯ ಗಾಜಿಪುರದ ನಮ್ಮ ಓಣಿಯಲ್ಲಿ ಯಾರ ಮೊಬೈಲ್ ಕೆಟ್ಟರೂ, ಯಾರ ಮನೆಯ ಟೀವಿ ನಿಂತರೂ "ಭಾಗುಗ ಕರೀರಿ" ಎನ್ನುತ್ತಾರೆ. ನಾನು ಗಂಭೀರವಾಗಿ ಹೋಗುತ್ತೇನೆ, ಸ್ವಿಚ್ ಆರಿಸುತ್ತೇನೆ, ಮತ್ತೆ ಹಾಕುತ್ತೇನೆ. ಅರ್ಧ ಓಣಿ ನನ್ನನ್ನು ಇಂಜಿನಿಯರ್ ಎಂದೇ ನಂಬಿದೆ. ಪಿಯುಸಿಯ ನನ್ನ ಮಾರ್ಕ್ಸ್ ಕಾರ್ಡ್ ಮಾತ್ರ ಇನ್ನೂ ನಂಬಿಲ್ಲ.

ಹೀಗಿರುವಾಗ ನಮ್ಮಪ್ಪ ಕೆಟ್ಟು ನಿಂತ. ಟೀವಿ ನಿಂತ ಹಾಗೆಯೇ. ಲೈಟ್ ಉರಿಯುತ್ತದೆ, ಚಿತ್ರ ಬರುವುದಿಲ್ಲ. ರಿಪೇರಿಯ ಜವಾಬ್ದಾರಿಯನ್ನು ನನಗೆ ಯಾರೂ ವಹಿಸಲಿಲ್ಲ. ನಾನೇ ಸ್ವಇಚ್ಛೆಯಿಂದ, ಲೋಕಹಿತಕ್ಕಾಗಿ ವಹಿಸಿಕೊಂಡೆ.

ಮೊದಲು ಅಪ್ಪ ಹೇಗಿದ್ದ ಎಂದು ಹೇಳಬೇಕು. ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಮ್ಯಾನೇಜರ್. ಹೆಸರು ಶರಣಪ್ಪ. ಅವನು ಸ್ಕೂಟರ್ ಏರಿದರೆ ಸ್ಕೂಟರ್ "ಅಯ್ಯೋ" ಎನ್ನುತ್ತಿತ್ತು. ಜನ ಅದನ್ನು ಸ್ಟಾರ್ಟ್ ಆದ ಶಬ್ದ ಎಂದು ತಿಳಿಯುತ್ತಿದ್ದರು. ಊಟದಲ್ಲಂತೂ ಅಪ್ಪನಿಗೆ ಜಿಲ್ಲೆಯಲ್ಲೇ ಜೋಡಿ ಇರಲಿಲ್ಲ. ಮದುವೆಗಳಲ್ಲಿ ಬಡಿಸುವವರು ಅಪ್ಪ ಕೂತ ಸಾಲಿಗೆ ಬರುವ ಮುನ್ನ ಒಂದು ಕ್ಷಣ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ರವಿವಾರ ಮುಂಜಾನೆ ಜಗತ್ ಸರ್ಕಲ್‌ನಲ್ಲಿ ಗೆಳೆಯರ ಜೊತೆ ಮಂಡಕ್ಕಿ ಸೂಸಲಾ, ಮಿರ್ಚಿ. ಅಪ್ಪ ಬರುವವರೆಗೆ ಗೆಳೆಯರು ತಿನ್ನಲು ಶುರು ಮಾಡುತ್ತಿರಲಿಲ್ಲ. ಅಪ್ಪ ಬಂದ ಮೇಲೆ ಅವರಿಗೆ ಉಳಿಯುತ್ತಿರಲಿಲ್ಲ!

ಆದರೆ ಶುಗರ್ ಏರಿತು, ಮೊಣಕಾಲು ಹೋಯಿತು, ಮಲಗಿದರೆ ಉಸಿರು ಕಟ್ಟತೊಡಗಿತು. ಹೈದರಾಬಾದಿಗೆ ಹೋಗಿ ತೂಕ ಇಳಿಸುವ ಆಪರೇಷನ್ ಮಾಡಿಸಿದೆವು. ಹೊಟ್ಟೆಯ ಬಹುಪಾಲು ಕತ್ತರಿಸಿ ತೆಗೆದು, ಒಂದು ಸಣ್ಣ ಕೊಳವೆಯಷ್ಟು ಉಳಿಸಿದರು. ಬಳಗಕ್ಕೆ ಮಾತ್ರ "ಪಿತ್ತದ ಹಳ್ಳು ತೆಗಿಸ್ಯಾರ" ಎಂದು, ಅಂದರೆ ಪಿತ್ತಕೋಶದ ಕಲ್ಲಿನ ಆಪರೇಷನ್ ಎಂದು ಹೇಳಿದೆವು. ಇದು ಅಪ್ಪನದೇ ಷರತ್ತು.

"ಬಾಯಿ ಕಟ್ಟಲಾರದ ಹೊಟ್ಟಿ ಕೊಯ್ಸಿಕೊಂಡ ಅಂತಾರ ಮಂದಿ. ಯಾರಿಗೂ ಹೇಳಬ್ಯಾಡ್ರಿ" ಎಂದು ನನ್ನಿಂದಲೂ ಅವ್ವನಿಂದಲೂ ಆಣೆ ಮಾಡಿಸಿಕೊಂಡ.

ತೂಕ ಇಳಿಯಿತು. ಶುಗರ್ ಇಳಿಯಿತು. ಗೊರಕೆ ನಿಂತು, ಆ ನಿಶ್ಶಬ್ದದಲ್ಲಿ ನನಗೂ ಅವ್ವನಿಗೂ ನಿದ್ದೆ ಬರದಂತಾಯಿತು. ಡಾಕ್ಟರು ರಿಪೋರ್ಟ್ ನೋಡಿ "ಬಹುತ್ ಅಚ್ಛಾ" ಎಂದರು. ಎಲ್ಲವೂ ಇಳಿದಿತ್ತು. ಅದರ ಸಂಗಡ ಅಪ್ಪನೂ ಇಳಿದುಬಿಟ್ಟಿದ್ದ. ಅದು ಯಾವ ರಿಪೋರ್ಟಿನಲ್ಲೂ ಇರಲಿಲ್ಲ.

ಮುಂಜಾನೆ ಎದ್ದು ಮುಖ ತೊಳೆದುಕೊಂಡು ಬಂದರೆ, ಮುಖ ತೊಳೆದ ದಣಿವಿಗೇ ಮತ್ತೆ ಮಲಗಬೇಕು. ಮಿಲ್ಲಿಗೆ ಹೋದರೆ ಮಧ್ಯಾಹ್ನಕ್ಕೇ ವಾಪಸ್. ಮೆಟ್ಟಿಲು ಹತ್ತುವಾಗ ನಡುವೆಯೇ ಕೂತುಬಿಡುವುದು, ಯಾರಾದರೂ ಕಂಡರೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ನಾಟಕ. ಕೂದಲು ತಲೆ ಬಿಟ್ಟು ಬಾಚಣಿಗೆಗೆ ವರ್ಗಾವಣೆ ಮಾಡಿಸಿಕೊಂಡಿತ್ತು. ಅಂಗಿಗಳು ಎಷ್ಟು ಸಡಿಲವೆಂದರೆ, ಮೊದಲು ಅಪ್ಪ ತಿರುಗುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅಂಗಿ ತಿರುಗುತ್ತಿತ್ತು.

ಅವ್ವ ಬೇಳೆ ಕುದಿಸಿ, ಅರೆದು, ಸೋಸಿ, ಸಣ್ಣ ವಾಟಿಯಲ್ಲಿ ತಂದು ಪಕ್ಕದಲ್ಲಿ ಕೂಡುತ್ತಿದ್ದಳು. ಅಪ್ಪ ಎರಡು ಚಮಚ ಕುಡಿದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಗಂಟೆಗಟ್ಟಲೆ ಆ ಗೋಡೆಯನ್ನೇ ನೋಡುವುದು. ಅದರ ಮೇಲೆ ಏನೂ ಇರಲಿಲ್ಲ. ನಾನು ಹೋಗಿ ಪರೀಕ್ಷಿಸಿದ್ದೇನೆ.

ಮಾತಾಡಿಸಲು ಬರುವವರಿಂದ ಇನ್ನಷ್ಟು ತ್ರಾಸ. ನಮ್ಮ ಕಡೆ "ತೆಳ್ಳಗಾಗಿದ್ದೀರಿ" ಎಂಬ ಹೊಗಳಿಕೆಯೇ ಇಲ್ಲ. ಒಂದೋ ನೀವು ಚಲೋ ಇರುತ್ತೀರಿ, ಇಲ್ಲವೇ ಸೊರಗಿರುತ್ತೀರಿ. ಬಂದವರೆಲ್ಲ ಬಾಗಿಲಲ್ಲೇ ನಿಂತು, ಎದೆಯ ಮೇಲೆ ಕೈಯಿಟ್ಟು, "ಅಯ್ಯ! ಯಾಕ್ರೀ ಇಷ್ಟು ಸೊರಗೀರಿ? ಏನ್ ಚಿಂತಿ ಹತ್ತ್ಯದ ನಿಮಗ?" ಎನ್ನುತ್ತಿದ್ದರು. ಮೊದಲು ಇಲ್ಲದ ಚಿಂತೆಯೂ ಅವರು ಹೋದ ಮೇಲೆ ಹತ್ತುತ್ತಿತ್ತು.

"ಡಾಕ್ಟರಿಗಿ ಫೋನ್ ಮಾಡಿ ಹೇಳ್ರೀ, ಮನಸ್ಸಿಗಿ ಹಿಂಗಾಗ್ಯದ ಅಂತ" ಎಂದಳು ಅವ್ವ ಒಂದು ದಿನ.

"ಏನಂತ ಹೇಳ್ಲಿ? ಎಲ್ಲಾ ಚಲೋ ಆಗ್ಯದ, ಅದಕ್ಕ ಅಳು ಬರ್ತದ ಅಂತ ಹೇಳ್ಲಿ?"

ಅವ್ವ ವಾಟಿ ಎತ್ತಿಕೊಂಡು ಹೋದಳು. ನಾನು ಮೊಬೈಲ್ ಎತ್ತಿಕೊಂಡೆ. ಹುರುಪು ತುಂಬುವ ವಿಡಿಯೋಗಳನ್ನು ಹಚ್ಚಿ ತೋರಿಸಿದೆ. ಕೋಟು ಹಾಕಿದ ಒಬ್ಬಾತ "ಏಳಿ! ಎದ್ದೇಳಿ!" ಎಂದು ಕೂಗುತ್ತಿದ್ದ. ಅಪ್ಪ ಕಣ್ಣು ಮುಚ್ಚಿಕೊಂಡೇ, "ಅವನಿಗಿ ಒಂಚೂರು ಸಣ್ಣಕ ಒದರಂತ ಹೇಳವ್ವ" ಎಂದ. ಜೋಕು ಓದಿ ಹೇಳಿದೆ. "ಚಲೋ ಅದ" ಎಂದ, ಸತ್ತವರ ಮನೆಯಲ್ಲಿ "ಹೋದ್ರಂತಲ್ಲ" ಎನ್ನುವ ದನಿಯಲ್ಲಿ. ನಾನು ಸೋಲೊಪ್ಪುವ ಹುಡುಗಿಯಲ್ಲ. ಆದರೆ ಅಂದು ನಾನೂ ಹೋಗಿ ಸ್ವಲ್ಪ ಹೊತ್ತು ಗೋಡೆ ನೋಡಿದೆ.

ಅಷ್ಟರಲ್ಲಿ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು.

ಎಳ್ಳಮಾಸಿಯ ದಿನ ನಮ್ಮ ಕಡೆ ಮನೆಯಲ್ಲಿ ಕೂತು ಉಣ್ಣುವುದು ಅಪರಾಧ. ಎಲ್ಲರೂ ಹೊಲಕ್ಕೆ ಹೋಗಬೇಕು. ಹೊಲ ಇಲ್ಲದವರನ್ನು ಹೊಲ ಇದ್ದವರು ಎಳೆದುಕೊಂಡು ಹೋಗುತ್ತಾರೆ. ಮೊದಲು ಪೈರಿನ ಮೇಲೆ ಚರಗ ಚೆಲ್ಲುತ್ತಾರೆ, ಅಂದರೆ ಭೂಮಿತಾಯಿಗೆ ಊಟ. ಆಮೇಲೆ ಮನುಷ್ಯರನ್ನು ಕೂಡಿಸಿ ಬಡಿಸಲು ಶುರು ಮಾಡಿದರೆ, ಉಂಡವನು ಏಳುವ ಸ್ಥಿತಿಯಲ್ಲಿರುವ ತನಕ ನಿಲ್ಲಿಸುವುದಿಲ್ಲ. "ಸಾಕು" ಎಂಬ ಮಾತಿಗೆ ಆ ದಿನ ಬೆಲೆಯಿಲ್ಲ. ಸಾಕು ಎಂದರೆ ಇನ್ನೆರಡು ಬೀಳುತ್ತವೆ.

ಅಪ್ಪನ ಅಕ್ಕ ಕಾಶೀಬಾಯಿ ಅತ್ತಿ ಕಮಲಾಪುರದಲ್ಲಿದ್ದಾಳೆ. ಪ್ರತಿವರ್ಷ ನಮ್ಮ ಎಳ್ಳಮಾಸಿ ಅವಳ ಹೊಲದಲ್ಲೇ. ಅವಳ ಫೋನ್ ಬಂತು. ಅತ್ತಿ ಫೋನಿನಲ್ಲಿ ಮಾತಾಡಿದರೆ ಸ್ಪೀಕರ್ ಹಾಕುವ ಅಗತ್ಯವಿಲ್ಲ.

"ಶರಣೂ! ಬರ್ತಿ ಹೌದಿಲ್ಲೋ? ನೀ ಬರಲಾರದ ಹೊಲದಾಗ ಉಣ್ಣಾಕ ಮಜಾ ಎಲ್ಲದ? ನಿನ್ನ ಸಲುವಾಗಿ ದೊಡ್ಡ ಗಂಗಾಳ ತೆಗದಿಟ್ಟೀನಿ ನೋಡು!"

ಅಪ್ಪ "ನೋಡ್ತೀನಕ್ಕಾ" ಎಂದು ಫೋನ್ ಇಟ್ಟ. ಗೋಡೆಯ ಕಡೆ ತಿರುಗಿ ಹೇಳಿದ:

"ಎಲ್ಲಾರೂ ನನ್ನ ಕರಿಯೂದೇ ನಾ ಉಣ್ಣೂದು ನೋಡಾಕ. ಉಣ್ಣಲಾರದವ ಅಲ್ಲಿ ಹೋಗಿ ಏನ್ ಮಾಡ್ಲಿ?"

ಅವ್ವ ಸೆರಗಿನಿಂದ ವಾಟಿ ಒರೆಸುತ್ತ ನಿಂತಳು. ಒರೆಸಿದ್ದನ್ನೇ ಒರೆಸಿದಳು. ಆಗ ನನ್ನ ತಲೆಯಲ್ಲಿ, ಈ ಮನೆಯ ಏಕೈಕ ತಲೆಯಲ್ಲಿ, ಮಿಂಚು ಹೊಡೆಯಿತು.

"ಅಪ್ಪಾ, ನೀ ಬರೇ ಕೂಡು. ನಿನ್ನ ಪಾಲಿಂದು ನಾ ತಿಂತೀನಿ!"

"ಹುಚ್ಚಿ ಇದ್ದಿ ಏನ?" ಎಂದಳು ಅವ್ವ.

"ಹುಚ್ಚಿ ಅಲ್ಲವ್ವ, ಪ್ಲಾನ್. ನಾ ಅಪ್ಪನ ಮಗ್ಗಲದಾಗೇ ಕೂಡ್ತೀನಿ. ಯಾರೂ ನೋಡಲಾರದಾಗ ಅಪ್ಪನ ಗಂಗಾಳದಿಂದ ನನ್ನ ಗಂಗಾಳಕ್ಕ. ಅಪ್ಪನ ಗಂಗಾಳ ಖಾಲಿ, ಅತ್ತಿ ಖುಷ್, ಗುಟ್ಟು ಭದ್ರ. ಅಪ್ಪನಿಗಿ ಹೊಲದ ಗಾಳಿ ಸಿಗ್ತದ, ನಾಕು ಮಂದಿ ಸಿಗ್ತಾರ, ಮನಸ್ಸು ಹಗರ ಆಗ್ತದ!"

ಅದೇ ಸಂಜೆ ತಾಲೀಮು ನಡೆಯಿತು. ಎರಡು ತಟ್ಟೆ ಇಟ್ಟು, ಒಣ ಚಪಾತಿ ಹರಿದು ಹಾಕಿ, ಅವ್ವನನ್ನು ಅತ್ತಿಯ ಪಾತ್ರದಲ್ಲಿ ನಿಲ್ಲಿಸಿದೆ. ಅವ್ವ ಆ ಕಡೆ ತಿರುಗಿದ ತಕ್ಷಣ ನನ್ನ ಕೈ ಹಾವಿನಂತೆ ಹರಿದು, ಅಪ್ಪನ ತಟ್ಟೆಯ ಚಪಾತಿ ಮಾಯ! ಮತ್ತೆ ಮಾಡಿದೆ, ಮತ್ತೆ ಮಾಯ. ಅಪ್ಪ ನೋಡುತ್ತಿದ್ದ. ನಗಲಿಲ್ಲ. ಆದರೆ ಗೋಡೆಯ ಕಡೆ ತಿರುಗಲೂ ಇಲ್ಲ.

"ಆತು, ಹೋಗೂಣ" ಎಂದ.

ಗೆದ್ದೆ ಎಂದುಕೊಂಡೆ. ಗೆದ್ದೆ ಎಂದುಕೊಂಡಾಗಲೆಲ್ಲ ನನಗೆ ಏನಾಗಿದೆ ಎಂಬುದನ್ನು ಆಗ ನೆನಪಿಸಿಕೊಳ್ಳಬೇಕಿತ್ತು.

ಕಮಲಾಪುರಕ್ಕೆ ರಫೀಕ್ ಕಾಕಾನ ವ್ಯಾನಿನಲ್ಲಿ ಹೊರಟೆವು. ರಫೀಕ್ ಕಾಕಾ ಅಪ್ಪನ ಬಾಲ್ಯದ ಗೆಳೆಯ, ಜಗತ್‌ನಲ್ಲಿ ಟಯರ್ ಅಂಗಡಿ. ಎಳ್ಳಮಾಸಿ ಊಟ ಒಂದು ವರ್ಷವೂ ತಪ್ಪಿಸಿದವನಲ್ಲ. ಅವನಿಗೂ ನಾವು ಪಿತ್ತದ ಹಳ್ಳನ್ನೇ ಹೇಳಿದ್ದೆವು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅಪ್ಪನನ್ನು ನೋಡುತ್ತ, "ಕ್ಯಾ ಶರಣು ಭಾಯ್, ಬಿಲ್ಕುಲ್ ಸೊರಗೀರಿ! ಇವತ್ತ ಎಲ್ಲಾ ವಸೂಲ್ ಮಾಡೂಣ" ಎನ್ನುತ್ತಿದ್ದ. ಅಪ್ಪ ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದ.

ಹೊಲ ಮಾತ್ರ ಬಲು ಚೆಂದವಿತ್ತು. ಎಳೆ ಬಿಸಿಲು, ಎದೆಯೆತ್ತರದ ಬಿಳಿಜೋಳ, ಆಚೆ ಕಡಲೆ, ಬದುವಿನ ಮೇಲೆ ಬೇವಿನ ಗಿಡ. ಗಿಡದ ಕೆಳಗೆ ಕಂಬಳಿ ಹಾಸಿದ್ದರು. ಚರಗ ಚೆಲ್ಲುವಾಗ ಎಲ್ಲರೂ ಕೂಗುತ್ತ ಹೊಲ ಸುತ್ತಿದರು. ಅಪ್ಪ ಅರ್ಧ ಸುತ್ತಿಗೇ ನಿಂತು ಬಗ್ಗಿ, ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ಅಲ್ಲಿ ಎಲ್ಲರೂ ಬರಿಗಾಲಲ್ಲಿದ್ದರು. ಅವನೂ ಕೂಡ.

ಊಟಕ್ಕೆ ಕೂತೆವು. ದೊಡ್ಡ ಗಂಗಾಳ ಬಂತು. ಅದರಲ್ಲಿ ನಾನು ಮಗುವಾಗಿದ್ದಾಗ ನನಗೆ ಸ್ನಾನ ಮಾಡಿಸಿರಬಹುದು, ಅಷ್ಟು ದೊಡ್ಡದು! ಸಜ್ಜೆ ರೊಟ್ಟಿ, ಎಲ್ಲ ಕಾಯಿಪಲ್ಯೆ ಹಸಿಕಾಳು ಹಾಕಿ ಕುದಿಸಿದ ಭಜ್ಜಿ, ಕಡಬು, ಬಾನ ಎಂಬ ಜೋಳದ ಅನ್ನ, ಶೇಂಗಾ ಹೋಳಿಗೆ, ಮೇಲೆ ತುಪ್ಪ. ಅತ್ತಿ ಬಡಿಸುವುದಿಲ್ಲ, ಸುರಿಯುತ್ತಾಳೆ. ನಾನು ತೋಳು ಏರಿಸಿ ಕಾರ್ಯಾಚರಣೆ ಆರಂಭಿಸಿದೆ.

ಮೊದಲ ಸುತ್ತು ಅಮೋಘ. ಅತ್ತಿ ಹಿಂದಕ್ಕೆ ತಿರುಗಿದಳು, ರೊಟ್ಟಿ ಮಾಯ. ಅತ್ತಿಯ ಗಂಡ ಮಾವ ನೀರು ಕುಡಿದ, ಕಡಬು ಮಾಯ. ರಫೀಕ್ ಕಾಕಾ ಸೀನಿದ, ಭಜ್ಜಿ ಅರ್ಧ ಮಾಯ! ಅಪ್ಪ ಭಜ್ಜಿಯ ಒಂದು ಚೂರನ್ನು ಬಾಯಲ್ಲಿಟ್ಟು, ಡಾಕ್ಟರು ಹೇಳಿದಂತೆ ಅದು ನೀರಾಗುವ ತನಕ ಅಗಿಯುತ್ತ ಕೂತಿದ್ದ. ನೋಡಿದವರಿಗೆ ಅಪ್ಪ ಎಡೆಬಿಡದೆ ಉಣ್ಣುತ್ತಿದ್ದಾನೆ ಎಂದೇ ಅನಿಸಬೇಕು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಒಂದು ಸಂಗತಿಯನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಂಗಾಳ ಖಾಲಿಯಾದರೆ ಏನಾಗುತ್ತದೆ? ಮತ್ತೆ ತುಂಬುತ್ತದೆ!

"ಹಂಗ ಉಣ್ಣಬೇಕು ನೋಡು ನನ್ನ ತಮ್ಮ!" ಎಂದು ಅತ್ತಿ ಮತ್ತೆ ಸುರಿದಳು. ನಾನು ಎಷ್ಟು ಬೇಗ ಖಾಲಿ ಮಾಡುತ್ತಿದ್ದೆನೋ ಅಷ್ಟು ಬೇಗ ತುಂಬುತ್ತಿತ್ತು. ಜೊತೆಗೆ ನನ್ನ ಗಂಗಾಳವೂ ತುಂಬುತ್ತಿತ್ತು. ಪಕ್ಕದ ಹೊಲದವರು ತಮ್ಮ ಬೋಗುಣಿ ಹಿಡಿದು ಬಂದು, "ನಮ್ಮ ಹೊಲದ್ದೂ ಒಂದು ತುತ್ತು" ಎಂದು ಇಬ್ಬರಿಗೂ ಹಾಕಿದರು. ಅವರ ತುತ್ತು ನನ್ನ ತಲೆಯಷ್ಟಿತ್ತು. ನನ್ನ ಕುರ್ತಾದ ಹೊಲಿಗೆಗಳು ಪರಸ್ಪರ ವಿದಾಯ ಹೇಳತೊಡಗಿದವು. ಕೈ ಹಾವಿನಂತೆ ಹರಿಯುವುದನ್ನು ಬಿಟ್ಟು ಆಮೆಯಂತೆ ತೆವಳತೊಡಗಿತು.

ಅಪ್ಪ ತುಟಿ ಅಲುಗಿಸದೆ ಕೇಳಿದ: "ಭಾಗು, ಸಾಕು ಮಾಡೂಣೇನ?"

"ಏನ್ ಚಿಂತಿ ಮಾಡಬ್ಯಾಡ ಅಪ್ಪಾ" ಎಂದೆ. ಮಾತಿನ ಜೊತೆ ತೇಗು ಬಂತು. ದೂರದ ಜೋಳದಲ್ಲಿ ಕೂತಿದ್ದ ಹಕ್ಕಿಗಳು ಎದ್ದವು.

ಅಷ್ಟರಲ್ಲಿ ಅತ್ತಿ ಹೊಸ ಹತಾರ ಹೂಡಿದಳು. ಶೇಂಗಾ ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ, ಉಂಡೆ ಮಾಡಿ, "ಬಾಯಿ ತೆಗಿ ತಮ್ಮಾ" ಎಂದು ಸೀದಾ ಅಪ್ಪನ ಬಾಯಿಗೇ ಇಟ್ಟಳು! ಅಕ್ಕನ ಕೈತುತ್ತು, ಬೇಡ ಎನ್ನುವ ಹಾಗಿಲ್ಲ. ಗಂಗಾಳದ್ದನ್ನಾದರೆ ಕದಿಯಬಹುದು, ಬಾಯೊಳಗಿನದ್ದನ್ನು ಹೇಗೆ ಕದಿಯುವುದು? ಆಪರೇಷನ್ ಆದ ಮೇಲೆ ಅಷ್ಟು ಸಿಹಿ ಅಪ್ಪನಿಗೆ ಸಲ್ಲುವುದಿಲ್ಲ. ಸ್ವಲ್ಪ ಒಳಗೆ ಹೋದದ್ದಕ್ಕೇ ಹಣೆಯಲ್ಲಿ ಬೆವರೊಡೆಯಿತು, ಮುಖ ಬಿಳಿಚಿತು, ಎದೆ ಡವಡವ ಎನ್ನುವುದು ಅಂಗಿಯ ಮೇಲೇ ಕಾಣಿಸಿತು. ಅತ್ತಿ ಇನ್ನೊಂದು ಹೋಳಿಗೆಗೆ ತಿರುಗಿದಾಗ ಉಳಿದದ್ದನ್ನು ಟವೆಲ್ಲಿಗೆ ಉಗುಳಿಸಿ, ಟವೆಲ್ಲನ್ನು ನಾನು ಮಡಿಚಿ ಅದರ ಮೇಲೆ ಕೂತೆ. ಅವ್ವ ಬಡಿಸುತ್ತಿದ್ದವಳು ಸೌಟು ಹಿಡಿದು ನಿಂತಲ್ಲೇ ನಿಂತಳು.

ಅತ್ತಿ ಈಗ ನಮ್ಮನ್ನು ಸರಿಯಾಗಿ ನೋಡಿದಳು. ಮೊದಲು ಅಪ್ಪನ ಜೋತಾಡುವ ಅಂಗಿ. ಆಮೇಲೆ ನಾನು, ನನ್ನ ಎರಡು ಕೆನ್ನೆ, ಎರಡು ಕೈಯಲ್ಲಿ ಎರಡು ಕಡಬು.

"ಏ ಭಾಗು, ನೀ ಉಂಡು ಎಷ್ಟ್ ದಿನಾ ಆತು?"

"ಯಾಕ ಅತ್ತಿ?"

"ಆಗಿಂದ ನೋಡಾಕತ್ತೀನಿ. ಹೆಣ್ಹುಡುಗಿ ಹಿಂಗ ಉಣ್ಣೂದು ನಾ ಎಲ್ಲೂ ನೋಡಿಲ್ಲ. ಬರಗಾಲದಾಗಿಂದ ಎದ್ದು ಬಂದಾಕಿ ಹಂಗ ತಿನ್ನಾಕತ್ತಿ. ಅಲ್ಲಿ ಅವ ನೋಡಿದ್ರ ಒಣಗಿ ಕಟಿಗಿ ಆಗ್ಯಾನ!" ಅತ್ತಿ ಅವ್ವನ ಕಡೆ ತಿರುಗಿದಳು. "ಮಾದೇವಿ, ಮನ್ಯಾಗ ಒಲಿ ಹಚ್ಚತಿಯೋ ಇಲ್ಲೋ?"

ಇಡೀ ಕಂಬಳಿ ಅವ್ವನ ಕಡೆ ತಿರುಗಿತು. ಅವ್ವನ ಮುಖ ಕೆಂಪಾಯಿತು. ಆಣೆ ಮಾಡಿದ್ದಳಲ್ಲ, ಬಾಯಿ ತೆಗೆಯಲಿಲ್ಲ. ಇಂಥ ಸಂಕಷ್ಟದ ಗಳಿಗೆಯಲ್ಲಿ ಮನೆತನದ ಮಾನ ಕಾಯುವುದು ತಲೆ ಇದ್ದವರ ಕರ್ತವ್ಯ. ನಾನು ಕಡಬು ನುಂಗಿ ಘೋಷಿಸಿದೆ:

"ಅವ್ವಂದೇನೂ ತಪ್ಪಿಲ್ಲ ಅತ್ತಿ! ನನಗ ಹೊಟ್ಟ್ಯಾಗ ಹುಳ ಆಗ್ಯಾವ!"

ಇದಕ್ಕಿಂತ ಬುದ್ಧಿವಂತ ಸುಳ್ಳು ಆ ಹೊತ್ತಿಗೆ ಸಿಗಲಿಲ್ಲ. ಮಾವ ಥಟ್ಟನೆ ಎದ್ದ. ಬಹಳ ಮಾತಾಡದ ಮನುಷ್ಯ, ಆದರೆ ಔಷಧ ಎಂದರೆ ಉತ್ಸಾಹ. "ಅದಕ್ಯಾಕ ಚಿಂತಿ? ಗಿಡ ನೆತ್ತಿ ಮ್ಯಾಲೇ ಅದ" ಎಂದು ಬೇವಿನ ತಪ್ಪಲು ಹರಿದು, ಕಲ್ಲಿನ ಮೇಲೆ ಜಜ್ಜಿ, ಹಿಂಡಿ, ಒಂದು ಲೋಟ ಹಸಿರು ರಸ ತಂದ.

"ಬ್ಯಾಡ ಮಾವ, ಹುಳ ಕಮ್ಮಿ ಆಗ್ಯಾವ..."

"ಮೂಗ ಹಿಡಿ, ಕುಡಿ!"

ಒಳಗೆ ಎರಡು ಮನುಷ್ಯರ ಎಳ್ಳಮಾಸಿ ಊಟ. ಅದರ ಮೇಲೆ ಬೇವು. ನಾನು ಕಡಲೆ ಹೊಲದ ಕಡೆ ಓಡಿದೆ. ಅಲ್ಲಿ ನಡೆದದ್ದನ್ನು ಬರೆಯುವುದಿಲ್ಲ. ಭೂಮಿತಾಯಿಗೆ ಎರಡನೇ ಸಲ ಚರಗ ಸಂದಾಯವಾಯಿತು ಎಂದಷ್ಟೇ ತಿಳಿಯಬೇಕು.

ಬಾಯಿ ಒರೆಸಿಕೊಳ್ಳುತ್ತ, ಜೋಳದ ದಂಟು ಹಿಡಿದು ದಂಟು ಹಿಡಿದು ಬರುವಾಗ ಅತ್ತಿಯ ದನಿ ಕೇಳಿತು.

"ಮಗಳಿಗಿ ಹುಳ ಆದದ್ದೂ ಗೊತ್ತಿಲ್ಲ, ಗಂಡ ಸೊರಗಿದ್ದೂ ಗೊತ್ತಿಲ್ಲ. ಏನ್ ಮಾಡ್ತಿ ಇಡೀ ದಿನಾ ಮನ್ಯಾಗ? ನನ್ನ ತಮ್ಮ ಆನಿ ಇದ್ದಂಗಿದ್ದ. ಹ್ಯಾಂಗ ಮಾಡಿಟ್ಟಿ ನೋಡು!"

ಅವ್ವ ತಲೆ ಬಗ್ಗಿಸಿ ನಿಂತಿದ್ದಳು. ಕೈಯಲ್ಲಿನ ಸೌಟಿನಿಂದ ಭಜ್ಜಿ ತೊಟ್ಟಿಕ್ಕುತ್ತಿತ್ತು. ಕಣ್ಣಿನಿಂದಲೂ ತೊಟ್ಟಿಕ್ಕುತ್ತಿತ್ತು. ಇದು ನನ್ನ ಪ್ಲಾನಿನ ಫಲ. ಹೇಳಲು ನನ್ನ ಬಾಯಲ್ಲಿ ಇನ್ನೊಂದು ಸುಳ್ಳೂ ಉಳಿದಿರಲಿಲ್ಲ. ಬರೀ ಕಹಿ ಇತ್ತು.

ಆಗ ಅಪ್ಪ ಎದ್ದ. ನೆಲಕ್ಕೆ ಕೈಯೂರಿ, ಒಂದು ಮೊಣಕಾಲು, ಆಮೇಲೆ ಇನ್ನೊಂದು. ಯಾರೂ ಎಬ್ಬಿಸದೆ ಅವನು ತಾನಾಗಿ ಎದ್ದದ್ದನ್ನು ನಾನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ.

"ಅಕ್ಕಾ, ಆಕಿಗಿ ಏನೂ ಅನಬ್ಯಾಡ. ನನಗ ಉಣಸಾಕ ಹೋಗಿ ಆಕಿನೇ ಅರ್ಧ ಆಗ್ಯಾಳ. ನಂದು ಪಿತ್ತದ ಹಳ್ಳು ಅಲ್ಲ. ತೂಕ ಇಳಿಸಾಕ ಹೊಟ್ಟಿ ಕೊಯ್ಸಿ ಸಣ್ಣದ ಮಾಡಿಸೀನಿ. ನನ್ನ ಊಟ ಈಗ ಇಷ್ಟೇ." ಬೊಗಸೆಯಲ್ಲ, ಬೆರಳುಗಳ ತುದಿ ಕೂಡಿಸಿ ತೋರಿಸಿದ. "ಇಷ್ಟೊತ್ತನಕ ನನ್ನ ಗಂಗಾಳದ್ದು ಉಂಡಾಕಿ ಭಾಗು."

ಅಪ್ಪ ಗಿಡಕ್ಕೆ ಕೈ ಕೊಟ್ಟು ನಿಂತ. ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ.

"ಶುಗರ್ ಇಳದದ, ಎಲ್ಲಾ ಚಲೋ ಆಗ್ಯದ ಅಂತಾರ. ನನಗ ಮಾತ್ರ ಏನೂ ಚಲೋ ಅನಸವಲ್ದು. ಮುಂಜಾನಿ ಏಳಬೇಕಂದ್ರ ಎದಿ ಮ್ಯಾಲ ಯಾರೋ ತೊಗರಿ ಚೀಲ ಇಟ್ಟಂಗ ಆಗ್ತದ. ಮೈಯಾಗಿಂದು ಹೋತು, ಭಾರ ಅಲ್ಲೇ ಉಳೀತು. ಸುಮ್ ಸುಮ್ಮನ ಅಳು ಬರ್ತದ. ಯಾಕಂತ ಕೇಳಿದ್ರ ನನಗೂ ಗೊತ್ತಿಲ್ಲ."

ಅತ್ತಿ ಬಹಳ ಯೋಚಿಸಿ ಕೇಳಿದಳು:

"ಕೊಯ್ದದ್ದು ಏನ್ ಮಾಡಿದ್ರು?"

"ಯಾವ್ದು?"

"ಹೊಟ್ಟೀದೋ! ಕೊಯ್ದು ತೆಗದದ್ದು ಎಲ್ಲಿಟ್ರು?"

"ನನಗೇನ್ ಗೊತ್ತಕ್ಕಾ? ನಾ ಎಚ್ಚರ ಇರಲಾರದ ಮಲಗಿದ್ದೆ."

"ಕೇಳಬೇಕಲ್ಲೋ! ನಮ್ಮದಲ್ಲೇನ ಅದು?" ಎಂದು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಿ ಗೊಳೋ ಎಂದು ಅತ್ತಳು. ತಮ್ಮನಿಗಾಗಿ ಅತ್ತಳೋ, ಹೈದರಾಬಾದಿನಲ್ಲಿ ಬಿಟ್ಟುಬಂದ ಆ ತುಂಡಿಗಾಗಿ ಅತ್ತಳೋ ತಿಳಿಯಲಿಲ್ಲ.

ರಫೀಕ್ ಕಾಕಾನಿಗೆ ಮಾತ್ರ ಸಿಟ್ಟು ಬಂದಿತ್ತು. "ಕ್ಯಾ ಯಾರ್! ನನಗ ಸುದ್ದಾ ಹೇಳಿಲ್ಲ? ರವಿವಾರ ನೀ ಬರಲಾರದಕ್ಕ ನಾವು ಅಲ್ಲಿ ಕೂಡೂದೇ ಬಿಟ್ಟೀವಿ. ಚಾ ಕುಡಿ, ಚಾ ಬ್ಯಾಡಾದ್ರ ಸುಮ್ಮ ಕೂಡು. ಮಾತಾಡಾಕ ಹೊಟ್ಟಿ ಯಾಕ ಬೇಕೋ?"

ಅಪ್ಪ ಗೆಳೆಯನ ಭುಜದ ಮೇಲೆ ಕೈಯಿಟ್ಟ. ಅತ್ತಿ ಮೂಗು ಒರೆಸಿಕೊಂಡು ಅವ್ವನ ಹತ್ತಿರ ಹೋಗಿ ಕೈಹಿಡಿದಳು.

"ಮಾದೇವಿ, ನಾ ಅಂದದ್ದೆಲ್ಲಾ ಹೊಟ್ಟ್ಯಾಗ ಹಾಕ್ಕೊಳವ್ವ."

"ಆಕಿಗೇ ಹೇಳು. ನನ್ನ ಹೊಟ್ಟ್ಯಾಗ ಜಾಗಾ ಇಲ್ಲ" ಎಂದ ಅಪ್ಪ.

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ರಫೀಕ್ ಕಾಕಾ ನಕ್ಕ, ಅತ್ತಿ ಅಳುತ್ತಲೇ ನಕ್ಕಳು, ಅವ್ವ ಸೌಟು ಕೆಳಗಿಟ್ಟಳು. ಅಪ್ಪ ಜೋಕು ಮಾಡಿದ್ದ! ನನ್ನ ಮೊಬೈಲಿನ ಯಾವ ಜೋಕೂ ಅಷ್ಟು ಚೆನ್ನಾಗಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತಿದೆ. ಮಾವ ಮಾತ್ರ ನಗದೆ, ತನ್ನ ಹೊಟ್ಟೆ ಸವರಿಕೊಳ್ಳುತ್ತ ಅಪ್ಪನ ಕಿವಿಯ ಹತ್ತಿರ ಬಂದು, "ಭಾಳ ನೋಯ್ತದೇನ?" ಎಂದು ಕೇಳಿದ.

ಅಷ್ಟು ಮಾತಾಡಿದ್ದಕ್ಕೇ ಅಪ್ಪ ಸುಸ್ತಾಗಿ ಕಂಬಳಿಯ ಮೇಲೆ ಮಲಗಿಬಿಟ್ಟ. ಯಾರೂ ಎಬ್ಬಿಸಲಿಲ್ಲ, ಉಣ್ಣು ಎನ್ನಲಿಲ್ಲ. ಅತ್ತಿ ಪಕ್ಕದಲ್ಲಿ ಕೂತು ನೊಣ ಹೊಡೆದಳು. ನಾನೂ ಆ ಕಡೆ ಬಿದ್ದುಕೊಂಡು ನರಳಿದೆ. ನನ್ನ ನೊಣಗಳನ್ನು ನಾನೇ ಹೊಡೆದುಕೊಂಡೆ.

ಇಳಿಹೊತ್ತಿಗೆ ವ್ಯಾನ್ ಹೊರಟಿತು. ಹಿಂದಿನ ಸೀಟಿನಲ್ಲಿ ಒಂದು ಕಿಟಕಿಗೆ ಅಪ್ಪ, ಇನ್ನೊಂದು ಕಿಟಕಿಗೆ ನಾನು, ನಡುವೆ ಅವ್ವ. ಹೊಟ್ಟೆ ಸಾಲದ ರೋಗಿ ಆ ಕಡೆ, ಹೊಟ್ಟೆ ಮೀರಿದ ರೋಗಿ ಈ ಕಡೆ.

"ಭಾಗು, ನಾಳಿ ಡಾಕ್ಟರಿಗಿ ಫೋನ್ ಹಚ್ಚಿಕೊಡು" ಎಂದ ಅಪ್ಪ, ಕಣ್ಣು ಮುಚ್ಚಿಕೊಂಡೇ. "ಅಲ್ಲಿ ಹೇಳಿದ್ದೇ ಅವರಿಗೂ ಹೇಳ್ತೀನಿ."

ಡಾಕ್ಟರು ಮರುದಿನ ಹೇಳಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೀಗೆ ಆಗುವುದು ಅಪ್ಪನೊಬ್ಬನಿಗೇ ಅಲ್ಲವಂತೆ, ಮೊದಲೇ ಹೇಳಬೇಕಿತ್ತಂತೆ. ರಕ್ತ ಪರೀಕ್ಷೆ ಬರೆದರು, ಮನಸ್ಸಿನ ಡಾಕ್ಟರರನ್ನೂ ಕಾಣಲು ಹೇಳಿದರು. ದಣಿವು ಒಂದು ದಿನದಲ್ಲಿ ಹೋಗುವುದಿಲ್ಲ ಎಂದರು. ಹೋಗಿಲ್ಲ. ಕೆಲವು ದಿನ ಅಪ್ಪ ಈಗಲೂ ಗೋಡೆ ನೋಡುತ್ತಾನೆ. ಆದರೆ ಏನಾಗುತ್ತಿದೆ ಎಂದು ಅವ್ವ ಕೇಳಿದರೆ ಈ ಕಡೆ ತಿರುಗಿ ಹೇಳುತ್ತಾನೆ.

ಇರಲಿ, ವ್ಯಾನಿಗೆ ವಾಪಸ್ ಬರೋಣ. ಕಮಲಾಪುರ ದಾಟುವ ಮುಂಚೆ ಅವ್ವ ಮೆಲ್ಲಗೆ ಕೇಳಿದಳು:

"ಭಾಗು, ಅಕ್ಕಾರು ಕಟ್ಟಿಕೊಟ್ಟ ಬುತ್ತಿ ಗಂಟು ಎಲ್ಲದ? ನಾ ಇನ್ನೂ ಉಂಡಿಲ್ಲ."

ಬೆಳಗಿನಿಂದ ಅವ್ವ ಬಡಿಸಿದ್ದಳು, ಬೈಸಿಕೊಂಡಿದ್ದಳು, ಅತ್ತಿದ್ದಳು, ನನ್ನ ಬೆನ್ನು ತಿಕ್ಕಿದ್ದಳು. ಊರಿಗೆಲ್ಲ ಉಣಿಸುವ ಆ ಹಬ್ಬದಲ್ಲಿ ಅವಳಿಗೊಬ್ಬಳಿಗೆ ಯಾರೂ ತಾಟು ಹಾಕಿರಲಿಲ್ಲ. ಬುತ್ತಿ ಗಂಟನ್ನು ಅತ್ತಿ ನನ್ನ ಕೈಯಲ್ಲೇ ಕೊಟ್ಟಿದ್ದಳು. ನಾನು ನರಳುವಾಗ ಅದನ್ನು ತಲೆದಿಂಬು ಮಾಡಿಕೊಂಡಿದ್ದೆ. ಅದು ಈಗಲೂ ಬೇವಿನ ಗಿಡದ ಕೆಳಗೆ, ನನ್ನ ತಲೆಯ ಗುರುತು ಹೊತ್ತು, ಕೂತಿತ್ತು!

"ರಫೀಕ್, ಗಾಡಿ ನಿಂದರಸು" ಎಂದ ಅಪ್ಪ.

ರಸ್ತೆಯ ಬದಿಗೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಅಂಗಡಿ. "ನಾ ತರ್ತೀನಿ ತಡಿ ಭಾಯ್" ಎಂದು ರಫೀಕ್ ಕಾಕಾ ಬಾಗಿಲು ತೆಗೆಯುವಷ್ಟರಲ್ಲಿ ಅಪ್ಪ ಇಳಿದಾಗಿತ್ತು. ನಿಧಾನಕ್ಕೆ ನಡೆದು ಹೋದ. ನಡುವೆ ಒಮ್ಮೆ ನಿಂತ. ಈ ಸಲ ಬಗ್ಗಿ ಚಪ್ಪಲಿ ಮುಟ್ಟಲಿಲ್ಲ. ಸುಮ್ಮನೆ ನಿಂತು, ಉಸಿರು ತೆಗೆದುಕೊಂಡು, ಮತ್ತೆ ನಡೆದ. ಒಂದು ಚಿಪ್ಪು ಹಣ್ಣು ಹಿಡಿದು ಬೆವರುತ್ತ ಬಂದು ಕೂತ. ತಾನೇ ಸುಲಿದು ಅವ್ವನ ಕೈಗೆ ಕೊಟ್ಟ.

"ತಿನ್ನು."

ಅವ್ವ ತಿಂದಳು. ಇನ್ನೊಂದು ಸುಲಿದ, ಅದನ್ನೂ ತಿಂದಳು. ಅವಳಿಗೆ ಅಷ್ಟು ಹಸಿವಾಗಿತ್ತು ಎಂಬುದು ಅಷ್ಟು ತಲೆ ಇರುವ ನನಗೆ ಹೊಳೆದೇ ಇರಲಿಲ್ಲ. ರಫೀಕ್ ಕಾಕಾ ಸ್ಟೇರಿಂಗ್ ಹಿಡಿದುಕೊಂಡೇ ತಿಂದ. ಅಪ್ಪ ಬೆರಳುದ್ದದ ತುಂಡು ಮುರಿದುಕೊಂಡು, ಸಣ್ಣಗೆ ಕಚ್ಚಿ, ಅಗಿದು, ಅಗಿದು, "ಚಲೋ ಹಣ್ಣು" ಎಂದ. ಈ ಸಲ ಅದು ಹಣ್ಣಿನ ಬಗ್ಗೆ ಹೇಳಿದ ಮಾತಿನಂತೆಯೇ ಕೇಳಿಸಿತು.

ನನಗೂ ಹೊಟ್ಟೆ ಸ್ವಲ್ಪ ಹಗುರವಾದಂತಿತ್ತು. ಮೆಲ್ಲಗೆ ಕೈ ಚಾಚಿದೆ.

ಅಪ್ಪ ನನ್ನ ಕೈ ನೋಡಿದ. ಸುಲಿದಿಟ್ಟ ಸಿಪ್ಪೆಗಳನ್ನೆಲ್ಲ ಒಟ್ಟು ಮಾಡಿ ಅದರಲ್ಲಿಟ್ಟ.

"ಹಿಡ್ಕೊ. ರೋಡಿಗಿ ಒಗಿಬ್ಯಾಡ."

ಕಲಬುರಗಿ ಬರುವ ತನಕ ಅವುಗಳನ್ನು ಉಡಿಯಲ್ಲಿ ಇಟ್ಟುಕೊಂಡು ಕೂತೆ. ಒಂದೂ ಬೀಳದಂತೆ. ಆ ದಿನ ನಾನು ಕೈಹಾಕಿದ ಕೆಲಸಗಳಲ್ಲಿ ಸರಿಯಾಗಿ ನಡೆದದ್ದು ಅದೊಂದೇ.